ಹಳಿ ಪಕ್ಕ ಕರೆಂಟ್ ಕಂಬ ಬಂದರೆ ನೀವು ಮಾಡಿಕೊಳ್ಳಬೇಕಾದ್ದು

ಹೋದ ತಿಂಗಳು ಭಾವನ ಫೋನ್ ಬಂತು. "ಏನಪ್ಪಾ, ನಮ್ ಗದ್ದೆ ಬದುವಿನ ಪಕ್ಕ ರೈಲ್ವೆಯವ್ರು ಸಾಲಾಗಿ ಗುಂಡಿ ತೋಡ್ತಾವ್ರೆ. ಕರೆಂಟ್ ಕಂಬ ಅಂತೆ. ನಿಮ್ ಕಡೆ ಆದಾಗ ಏನೇನ್ ಆಯ್ತು ಹೇಳು" ಅಂದರು. ಅರ್ಧ ಗಂಟೆ ಹೇಳಿದೆ. ಫೋನ್ ಇಟ್ಟ ಮೇಲೆ ನೋಡಿದರೆ ಮುಖ್ಯವಾದ ಅರ್ಧ ಮರೆತೇ ಹೋಗಿತ್ತು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಹೊಸ ಹಳಿ, ಜೋಡಿ ಹಳಿ ಕೆಲಸ ನಡೆಯುವ ಊರಿನವರಿಗೂ ಉಪಯೋಗಕ್ಕೆ ಬರಲಿ.

ನಮ್ಮದು ಮಂಡ್ಯ ದಾಟಿ ಯಲಿಯೂರಿನ ಕಡೆ. ಬೆಂಗಳೂರು–ಮೈಸೂರು ಹಳಿ ನಮ್ಮ ಗದ್ದೆ ಪಕ್ಕದಲ್ಲೇ ಹೋಗುತ್ತದೆ. ಮೈಸೂರಿನ ತನಕ ರೈಲು ಬಂದಿದ್ದು 1882ರಲ್ಲಿ. ನಮ್ಮದೇ ಜಿಲ್ಲೆಯ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿದ್ದು 1902ರಲ್ಲಿ, ಅದು ಸೀದಾ ಕೋಲಾರದ ಚಿನ್ನದ ಗಣಿಗೆ ಹೋಯಿತು. ರೈಲೂ ನಮ್ಮಲ್ಲೇ, ಕರೆಂಟೂ ನಮ್ಮಲ್ಲೇ. ಆದರೆ ಎರಡೂ ಕೂಡೋಕೆ ಇನ್ನೂ ನೂರಕ್ಕೂ ಜಾಸ್ತಿ ವರ್ಷ ಬೇಕಾಯಿತು ನೋಡಿ. 2018ರ ಫೆಬ್ರವರಿ 19ಕ್ಕೆ ಪ್ರಧಾನಿ ಮೋದಿಯವರು ಮೈಸೂರಿಗೆ ಬಂದು, ಕರೆಂಟ್ ಹಾಕಿದ ಜೋಡಿ ಹಳಿಯನ್ನು ಲೋಕಾರ್ಪಣೆ ಮಾಡಿದರು. ಪೇಪರಿನಲ್ಲಿ ಆ ದಿನದ ಫೋಟೊ ಬಂತು. ಅದಕ್ಕೆ ಮುಂಚಿನ ಎರಡು ಮೂರು ವರ್ಷ ನಾವು ಪಟ್ಟ ಪಾಡು ಮಾತ್ರ ಎಲ್ಲೂ ಬರಲಿಲ್ಲ.

ಮೊದಲು ತಿಳಿದುಕೊಳ್ಳಬೇಕಾದ್ದು ಇಷ್ಟು. ಈ ಕೆಲಸ ಒಂದೇ ಸಲ ಬಂದು ಮುಗಿಯೋದಿಲ್ಲ. ಗುಂಡಿಯವರು ಬರುತ್ತಾರೆ, ಹೋಗುತ್ತಾರೆ. ಆರು ತಿಂಗಳು ಯಾರೂ ಇಲ್ಲ. ಕಂಬದವರು ಬರುತ್ತಾರೆ, ಹೋಗುತ್ತಾರೆ. ಮತ್ತೆ ಯಾರೂ ಇಲ್ಲ. "ನಿಂತೇ ಹೋಯ್ತು ಕೆಲಸ, ದುಡ್ಡು ಇಲ್ವಂತೆ" ಅಂತ ಚಹಾ ಅಂಗಡಿಯಲ್ಲಿ ತೀರ್ಮಾನ ಆಗುವ ಹೊತ್ತಿಗೆ ತಂತಿಯವರು ಬರುತ್ತಾರೆ. ಪ್ರತಿ ಸಲವೂ ಬೇರೆ ಕಂಟ್ರಾಕ್ಟರು, ಬೇರೆ ಮೇಸ್ತ್ರಿ. ಹಿಂದಿನವನು ಒಪ್ಪಿಕೊಂಡ ಮಾತು ಮುಂದಿನವನಿಗೆ ಗೊತ್ತೇ ಇರೋದಿಲ್ಲ.

ಗುಂಡಿ ತೋಡುವ ಮೊದಲೇ ಫೋಟೊ ತೆಗೆಯಿರಿ

ಹಳಿ ಪಕ್ಕ ಗೂಟ ಹೊಡೆದು, ಸುಣ್ಣ ಇಲ್ಲವೇ ಬಣ್ಣದಲ್ಲಿ ಗುರುತು ಹಾಕಿದರೆ ಅಲ್ಲೇ ಕಂಬದ ಗುಂಡಿ ಬರುತ್ತದೆ ಅಂತ ಅರ್ಥ. ನೇರ ದಾರಿಯಲ್ಲಿ ಕಂಬದಿಂದ ಕಂಬಕ್ಕೆ ಹೆಚ್ಚೆಂದರೆ 72 ಮೀಟರ್ ಇರುತ್ತದೆ, ತಿರುವಿನಲ್ಲಿ ಹತ್ತಿರ ಹತ್ತಿರ ಬರುತ್ತವೆ. ಹಾಗಾಗಿ ಗೂಟ ನೋಡಿಯೇ ನಿಮ್ಮ ಗದ್ದೆ ಎದುರು ಎಷ್ಟು ಕಂಬ ಅಂತ ಲೆಕ್ಕ ಹಾಕಬಹುದು.

ಆ ದಿನವೇ ಮೊಬೈಲ್ ಹಿಡಿದು ಹೊರಡಿ. ಬದು, ಬೇಲಿ, ಕಾಲುವೆ ತೂಬು, ಪೈಪ್‌ಲೈನ್ ಹೋಗುವ ಜಾಗ, ಮನೆಗೋಡೆ, ಮರ, ರೈಲ್ವೆಯ ಗಡಿಕಲ್ಲು ಎಲ್ಲದರ ಫೋಟೊ ತೆಗೆಯಿರಿ. ಗೋಡೆಯಲ್ಲಿ ಮೊದಲೇ ಬಿರುಕಿದ್ದರೆ ಅದನ್ನೂ ತೆಗೆಯಿರಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಕು ಬರೆಯಿರಿ. ಮುಂದೆ "ಇದು ಹಳೇದು ಅಲ್ವಾ" ಅಂತ ಅವರು ಅಂದಾಗ ಯಾವುದು ಹಳೇದು, ಯಾವುದು ಹೊಸದು ಅಂತ ತೋರಿಸಬಹುದು.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. ಬೋರ್‌ವೆಲ್ಲಿನಿಂದ ಗದ್ದೆಗೆ ಹೋಗುವ ನಮ್ಮ ಪೈಪು ಹಳಿ ಕಡೆಯ ಬದುವಿನ ಕೆಳಗೇ ಇತ್ತು. ಗುಂಡಿ ತೋಡುವ ಮಷಿನ್ ಒಂದೇ ಏಟಿಗೆ ಅದನ್ನು ಕತ್ತರಿಸಿತು. ನಾಟಿ ಆಗಿ ಹತ್ತು ದಿನ ಆಗಿತ್ತು. ಮೇಸ್ತ್ರಿ ತುಂಬಾ ಒಳ್ಳೆಯವನು, "ಸೋಮವಾರ ಹಾಕಿಸಿ ಕೊಡ್ತೀವಿ ಅಣ್ಣಾ" ಅಂದ. ಸೋಮವಾರ ಹೋದರೆ ಆ ತಂಡವೇ ಇಲ್ಲ, ಹೊಸ ಮೇಸ್ತ್ರಿ ನಿಂತಿದ್ದಾನೆ. ಅಲ್ಲಿ ಪೈಪ್ ಇತ್ತು ಅನ್ನೋಕೆ ನನ್ನ ಹತ್ತಿರ ಒಂದು ಫೋಟೊನೂ ಇಲ್ಲ. ಕೊನೆಗೆ ನಾನೇ ದುಡ್ಡು ಹಾಕಿ ಹಾಕಿಸಿಕೊಂಡೆ. ಈಗ ಹೇಳುತ್ತೇನೆ: ಪೈಪ್ ಹೋಗುವ ದಾರಿಯಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ. ಮಷಿನ್ ನಡೆಸುವವನಿಗೆ ಖುದ್ದಾಗಿ ಕರೆದುಕೊಂಡು ಹೋಗಿ ತೋರಿಸಿ, ಮೇಸ್ತ್ರಿಗೆ ಮಾತ್ರ ಹೇಳಿದರೆ ಸಾಲದು. ಒಪ್ಪಂದ ಏನೇ ಆದರೂ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ, ತಂಡದವನ ಹೆಸರು, ಫೋನ್ ನಂಬರ್ ಸಮೇತ.

ಗಡಿ ವಿಷಯದಲ್ಲಿ ಸುಮ್ನೆ ಜಗಳಕ್ಕೆ ನಿಲ್ಲಬೇಡಿ. ನಾವು ಉಳುತ್ತಾ ಉಳುತ್ತಾ ಬದುವನ್ನು ರೈಲ್ವೆ ಕಡೆಗೆ ಸ್ವಲ್ಪ ತಳ್ಳಿರುತ್ತೇವೆ, ಎಲ್ಲರಿಗೂ ಗೊತ್ತಿರುವ ಸತ್ಯ ಇದು. ಪಹಣಿ ಹಿಡಿದುಕೊಂಡು ಸರ್ವೆ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಅಳತೆ ಬಂದ ಮೇಲೆ ಮರ ಯಾರದು, ಜಾಗ ಯಾರದು ಅಂತ ತಾನಾಗಿ ತಿಳಿಯುತ್ತದೆ. ತಂತಿಯ ಮೇಲೆ ಬೀಳಬಹುದಾದ ಮರ ಕಡಿಯಬೇಕು ಅಂತ ಬಂದರೆ, ಮರದ ಫೋಟೊ, ವಯಸ್ಸು, ಫಲದ ಲೆಕ್ಕ ಬರೆದಿಟ್ಟು, ಲಿಖಿತ ನೋಟಿಸ್ ಕೇಳಿ. ನಮ್ಮ ಅತ್ತೆ ಹುಣಸೆಮರದ ಕೆಳಗೆ ಚಾಪೆ ಹಾಕಿಕೊಂಡು ಕೂತೇಬಿಟ್ಟಿದ್ದರು. ಎರಡು ದಿನ ಉಳಿಯಿತು ಮರ. ಮೂರನೇ ದಿನ ಅತ್ತೆ ಮದುವೆಗೆ ಹೋಗಿದ್ದರು.

ತೋಡಿದ ಗುಂಡಿ ಕಾಂಕ್ರೀಟ್ ಬೀಳುವ ತನಕ ತೆರೆದೇ ಇರುತ್ತದೆ. ಮಳೆ ಬಂದರೆ ನೀರು ತುಂಬಿ ನೆಲದ ಸಮಕ್ಕೆ ಕಾಣುತ್ತದೆ. ಮಕ್ಕಳು, ದನಕರು ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ, ಮುಳ್ಳು ತಂದು ಅಡ್ಡ ಹಾಕಿ.

ನಿಮ್ಮ ಮನೆಯ ಕರೆಂಟೂ ಹೋಗುತ್ತದೆ

ಇದು ಬಹಳ ಜನಕ್ಕೆ ಹೊಳೆಯೋದಿಲ್ಲ. ಹಳಿಯ ಮೇಲೆ ಅಡ್ಡ ಹಾದು ಹೋಗುವ ಊರಿನ ಕರೆಂಟ್ ಲೈನುಗಳು ಇರುತ್ತವಲ್ಲ, ರೈಲಿನ ತಂತಿ ಬರುವ ಮೊದಲು ಅವನ್ನು ತೆಗೆದು ನೆಲದೊಳಗೆ ಕೇಬಲ್ ಹಾಕಬೇಕು. ದೊಡ್ಡ ಟವರ್ ಲೈನ್ ಆದರೆ ಇನ್ನೂ ಎತ್ತರಕ್ಕೆ ಏರಿಸಬೇಕು. ಆ ಕೆಲಸ ನಡೆಯುವ ದಿನ ಬೆಳಗ್ಗೆಯಿಂದ ಸಂಜೆ ತನಕ ಕರೆಂಟ್ ಇಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸ್ ಬರೋದೇ ಕೆಲವು ಗಂಟೆ, ಅದೂ ಹೋದರೆ ಗದ್ದೆ ಬಾಯಿ ಬಿಡುತ್ತದೆ. ನಿಮ್ಮ ಏರಿಯಾದ ಲೈನ್‌ಮನ್ ನಂಬರ್ ಇಟ್ಟುಕೊಂಡಿರಿ. ಹಿಂದಿನ ರಾತ್ರಿಯೇ ನೀರು ಕಟ್ಟಿ, ತೊಟ್ಟಿ ತುಂಬಿಸಿ, ಹಿಟ್ಟಿನ ಗಿರಣಿ ಕೆಲಸ ಮುಗಿಸಿಕೊಳ್ಳಿ. ಡೈರಿಗೆ ಹಾಲು ಹಾಕುವವರು ಅವತ್ತಿನ ಹಾಲು ತಡ ಮಾಡಬೇಡಿ.

ರಾತ್ರಿ ಗಲಾಟೆಯೂ ಇರುತ್ತದೆ. ಹಗಲು ರೈಲುಗಳ ಓಡಾಟ ಜಾಸ್ತಿ, ಆದ್ದರಿಂದ ಕಂಬ ನಿಲ್ಲಿಸೋದು, ತಂತಿ ಎಳೆಯೋದು ರಾತ್ರಿ ಬೀಳೋದೇ ಹೆಚ್ಚು. ಫ್ಲಡ್‌ಲೈಟ್, ಜನರೇಟರ್, ಕೂಗಾಟ. ಮಗ ಆಗ ಎಸ್ಸೆಸ್ಸೆಲ್ಸಿ. ಅವನನ್ನು ಮೈಸೂರಿನ ಚಿಕ್ಕಪ್ಪನ ಮನೆಗೆ ಕಳಿಸಿದೆವು. ಬೇರೆ ಉಪಾಯ ಹೊಳೆಯಲಿಲ್ಲ.

ಬ್ಲಾಕ್ ಅಂದರೆ ಏನು, ನಿಮ್ಮ ರೈಲು ಏನಾಗುತ್ತದೆ

ಕೆಲಸಕ್ಕಾಗಿ ಒಂದಷ್ಟು ಗಂಟೆ ಹಳಿಯ ಮೇಲೆ ರೈಲು ಬಿಡದೆ ನಿಲ್ಲಿಸುವುದಕ್ಕೆ ಬ್ಲಾಕ್ ಅನ್ನುತ್ತಾರೆ. ಮಂಡ್ಯದಿಂದ ಬೆಂಗಳೂರಿಗೆ, ಮೈಸೂರಿಗೆ ದಿನಾ ಓಡಾಡುವವರ ಜೀವ ತಿನ್ನೋದು ಇದೇ. ರೈಲ್ವೆಯವರ ಪ್ರಕಟಣೆಯಲ್ಲಿ ನಾಲ್ಕು ಮಾತು ಬರುತ್ತವೆ. ರದ್ದು ಅಂದರೆ ಆ ದಿನ ಆ ರೈಲೇ ಇಲ್ಲ. ಭಾಗಶಃ ರದ್ದು ಅಂದರೆ ರೈಲು ಹೊರಡುತ್ತದೆ, ನಿಮ್ಮೂರ ತನಕ ಬರೋದಿಲ್ಲ. ರೀಶೆಡ್ಯೂಲ್ ಅಂದರೆ ಹೊರಡೋದೇ ತಡ. ರೆಗ್ಯುಲೇಟ್ ಅನ್ನೋದು ಎಲ್ಲಕ್ಕಿಂತ ಮೋಸದ ಮಾತು. ರೈಲು ಸರಿಯಾದ ಹೊತ್ತಿಗೆ ಹೊರಡುತ್ತದೆ, ನೀವು ಖುಷಿಯಾಗಿ ಹತ್ತುತ್ತೀರಿ, ನಡುದಾರಿಯಲ್ಲಿ ಯಾವುದೋ ಸಣ್ಣ ಸ್ಟೇಷನ್‌ನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸುತ್ತಾರೆ, ಕಡಲೆಕಾಯಿ ಮಾರುವವನೂ ಸಿಗದ ಜಾಗದಲ್ಲಿ. ಪ್ರಕಟಣೆಯಲ್ಲಿ ಈ ಪದ ಕಂಡರೆ ಅವತ್ತು ಬಸ್ಸಿಗೆ ಹೋಗಿ.

ಹಿಂದಿನ ರಾತ್ರಿ ಒಂದು ಸಲ, ಹೊರಡುವ ಮುಂಚೆ ಒಂದು ಸಲ, ರೈಲು ಎಲ್ಲಿದೆ ಅಂತ ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆಪ್ ನೋಡಿ, ಇಲ್ಲ 139ಕ್ಕೆ ಫೋನ್ ಮಾಡಿ. ವಾಟ್ಸಾಪಿನಲ್ಲಿ ಬರುವ ಪಟ್ಟಿಯನ್ನು ನಂಬಬೇಡಿ, ಹೋದ ವರ್ಷದ್ದನ್ನೇ ಮತ್ತೆ ಕಳಿಸುವ ಪುಣ್ಯಾತ್ಮರಿದ್ದಾರೆ. ಟಿಕೆಟ್ ಮಾಡಿಸಿದ್ದ ರೈಲು ಪೂರ್ತಿ ರದ್ದಾದರೆ, ಆನ್‌ಲೈನ್ ಟಿಕೆಟ್ಟಿನ ದುಡ್ಡು ತಾನಾಗಿ ವಾಪಸ್ ಬರುತ್ತದೆ. ಕೌಂಟರಿನಲ್ಲಿ ತೆಗೆದದ್ದಾದರೆ ಕೌಂಟರಿಗೇ ಹೋಗಬೇಕು, ಮೂರು ದಿನದೊಳಗೆ. ಭಾಗಶಃ ರದ್ದಾಗಿ ನಿಮ್ಮ ನಿಲ್ದಾಣವೇ ಬಿಟ್ಟುಹೋದರೆ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಬೇಕು, ಸುಮ್ಮನೆ ಕೂತರೆ ಬರೋದಿಲ್ಲ. ಪಾಸಿನವರು ಕೆಲಸ ಜೋರಾಗಿ ನಡೆಯುವಾಗ ಮೂರು ತಿಂಗಳ ಪಾಸ್ ಬದಲು ಒಂದು ತಿಂಗಳದ್ದು ತೆಗೆದುಕೊಳ್ಳಿ. ನಾನು ಮೂರು ತಿಂಗಳದ್ದು ತೆಗೆದು ಅರ್ಧದಷ್ಟು ದಿನ ಬಸ್ಸಿನಲ್ಲೇ ಹೋದೆ. ಎರಡೂ ಕಡೆ ದುಡ್ಡು.

ಹಾಗಂತ ನಮ್ಮದು ಘಾಟಿನವರಿಗೆ ಹೋಲಿಸಿದರೆ ಏನೂ ಅಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರ್, 57 ಸುರಂಗದ ದಾರಿಗೆ ತಂತಿ ಹಾಕುವಾಗ ಯಶವಂತಪುರದಿಂದ ಮಂಗಳೂರು, ಕಾರವಾರದ ಕಡೆಗೆ ಹೋಗುವ ಹಗಲು ರೈಲುಗಳನ್ನು 2025ರ ಜೂನ್‌ನಿಂದ ತಿಂಗಳುಗಟ್ಟಲೆ ನಿಲ್ಲಿಸಿದ್ದರು.

ಕೆಲಸ ಎಲ್ಲಿಗೆ ಬಂತು ಅಂತ ನೀವೇ ನೋಡಿ ಹೇಳಬಹುದು

"ಇನ್ನು ಮೂರು ತಿಂಗಳು" ಅಂತ ಯಾರು ಹೇಳಿದರೂ ತಲೆ ಆಡಿಸಿ, ಕಂಬದ ತುದಿ ನೋಡಿ. ಬರೀ ಕಂಬ ನಿಂತಿದ್ದರೆ ಇನ್ನೂ ಬಹಳ ಕೆಲಸ ಇದೆ. ಕಂಬದಿಂದ ಹಳಿ ಕಡೆಗೆ ಚಾಚಿದ ತೋಳು, ಅದರಲ್ಲಿ ಕರೆಂಟ್ ತಡೆಯುವ ಇನ್ಸುಲೇಟರ್ ಬಂದರೆ ತಂತಿ ಹತ್ತಿರ ಬಂತು ಅಂತ. ತಂತಿ ಎರಡು ಇರುತ್ತವೆ. ಮೊದಲು ಮೇಲಿನದು ಎಳೆಯುತ್ತಾರೆ, ಆಮೇಲೆ ಕೆಳಗಿನ ತಾಮ್ರದ್ದು, ಎರಡರ ನಡುವೆ ಸಣ್ಣ ಸಣ್ಣ ತೂಗು ತಂತಿ. ಇಂಜಿನ್ನಿನ ಮೇಲೆ ತಂತಿಯಿಂದ ಕರೆಂಟ್ ಎಳೆದುಕೊಳ್ಳುವ ಚೌಕಟ್ಟು ಇರುತ್ತದಲ್ಲ, ಆ ಪ್ಯಾಂಟೊಗ್ರಾಫ್ ಉಜ್ಜಿಕೊಂಡು ಹೋಗೋದು ಕೆಳಗಿನದನ್ನು. ಹಳಿ ಮೇಲೆ ನೆಟ್ಟಗೆ ನೋಡಿದರೆ ತಂತಿ ಒಂದು ಕಂಬದಲ್ಲಿ ಇತ್ತ, ಮುಂದಿನ ಕಂಬದಲ್ಲಿ ಅತ್ತ ಸ್ವಲ್ಪ ಸ್ವಲ್ಪ ಓರೆ ಹೋಗಿರುತ್ತದೆ. ನಮ್ಮೂರಲ್ಲಿ ಒಬ್ಬರು "ಕುಡ್ದು ಎಳ್ದವ್ರೆ" ಅಂದಿದ್ದರು. ಅದು ಬೇಕಂತಲೇ ಮಾಡಿದ್ದು, ನೇರ ದಾರಿಯಲ್ಲಿ ಆ ಕಡೆ ಈ ಕಡೆ 20 ಸೆಂಟಿಮೀಟರ್ ತನಕ. ಒಂದೇ ಜಾಗದಲ್ಲಿ ಉಜ್ಜಿದರೆ ಪ್ಯಾಂಟೊಗ್ರಾಫಿನ ಪಟ್ಟಿಯಲ್ಲಿ ಗಾಡಿಯ ಜಾಡು ಬಿದ್ದ ಹಾಗೆ ಗೀರು ಬೀಳುತ್ತದೆ.

ಅಲ್ಲಲ್ಲಿ ಕಂಬಕ್ಕೆ ದಪ್ಪ ಭಾರದ ಬಿಲ್ಲೆಗಳು ನೇತಾಡುತ್ತಿರುತ್ತವೆ. ಬಿಸಿಲಿಗೆ ತಂತಿ ಹಿಗ್ಗಿದಾಗ ಜೋತು ಬೀಳದ ಹಾಗೆ ಜಗ್ಗಿ ಹಿಡಿಯೋದು ಅವು. ಮಕ್ಕಳು ಅವನ್ನು ತೂಗಾಡಿಸಲು ಹೋಗದ ಹಾಗೆ ಹೇಳಿಡಿ.

ಎಷ್ಟು ಕಿಲೋಮೀಟರ್ ಆಯಿತು ಅನ್ನೋದರಿಂದಲೂ ಏನೂ ತಿಳಿಯೋದಿಲ್ಲ. ಒಂದೇ ಒಂದು ಗಂಟು ಉಳಿದರೆ ಇಡೀ ದಾರಿ ಕಾಯುತ್ತದೆ. ನಮ್ಮ ದಾರಿಯ ಜೋಡಿ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಇತ್ತು. 2017ರಲ್ಲಿ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದ ಮೇಲೆ ಹಳಿಗೆ ದಾರಿ ಆಯಿತು. ಆ ಸಮಯದಲ್ಲಿ ನಾನೂ ಒಂದು ದಿನ ರಜೆ ಹಾಕಿ ನೋಡಲು ಹೋಗಿದ್ದೆ. ಮನೆ ಚಲಿಸೋದು ಕಾಣಲೇ ಇಲ್ಲ, ಅಷ್ಟು ನಿಧಾನ.

ತಂತಿ ಎಳೆದ ದಿನದಿಂದ ಅದರಲ್ಲಿ ಕರೆಂಟ್ ಇದೆ ಅಂತಲೇ ತಿಳಿಯಿರಿ

ಇದೊಂದನ್ನು ಮಾತ್ರ ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿ. ರೈಲ್ವೆಯವರು ಕರೆಂಟ್ ಬಿಡುವ ಮೊದಲು ಪೇಪರಿನಲ್ಲಿ ಹಾಕುತ್ತಾರೆ, ಇಂಥ ತಾರೀಕಿನಿಂದ 25,000 ವೋಲ್ಟ್ ಹರಿಯುತ್ತದೆ ಅಂತ. ಯಾರು ಓದುತ್ತಾರೆ ಹೇಳಿ? ಅದೂ ಅಲ್ಲದೆ, ತಾಮ್ರ ಕದಿಯೋರ ಕಾಟಕ್ಕೆ ಅದಕ್ಕೂ ಮುಂಚೆಯೇ ಸ್ವಲ್ಪ ಕಡಿಮೆ ವೋಲ್ಟೇಜ್ ಬಿಟ್ಟಿಡೋದೂ ಉಂಟು. ಕಡಿಮೆ ಅಂದರೆ ಮನೆಯ 230ಕ್ಕಿಂತ ಎಷ್ಟೋ ಪಟ್ಟು.

ಜನ ಮೋಸ ಹೋಗೋದು ಇನ್ನೊಂದು ಕಡೆ. ಕರೆಂಟ್ ಬಂದ ಮೇಲೂ ಬಹಳ ದಿನ ಡೀಸೆಲ್ ಇಂಜಿನ್ನುಗಳೇ ಹೊಗೆ ಬಿಡುತ್ತಾ ಓಡುತ್ತಿರುತ್ತವೆ. "ಇನ್ನೂ ಡೀಸೆಲ್ಲೇ ಓಡ್ತಿದೆ, ತಂತೀಲಿ ಏನೂ ಇಲ್ಲ ಬಿಡು" ಅನ್ನೋದು ಪೂರ್ತಿ ತಪ್ಪು ಲೆಕ್ಕ. ಇಂಜಿನ್ ಯಾವುದಾದರೂ ಇರಲಿ, ತಂತಿ ತಂತಿಯೇ.

ಮುಟ್ಟಲೇಬೇಕು ಅಂತಿಲ್ಲ. ತೀರಾ ಹತ್ತಿರ ಹೋದರೆ ಸಾಕು, ಹಾರಿ ಹೊಡೆಯುತ್ತದೆ. ರೈಲ್ವೆಯವರ ಲೆಕ್ಕದಲ್ಲಿ ಮೈಯಾಗಲಿ ಕೈಲಿರುವ ಸಾಮಾನಾಗಲಿ ತಂತಿಯಿಂದ ಎರಡು ಮೀಟರಿನ ಒಳಗೆ ಬರಬಾರದು. ನಿಂತ ಗೂಡ್ಸ್ ಬೋಗಿಯ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವ ಹುಡುಗರು ತಂತಿ ಮುಟ್ಟದೆಯೇ ಸುಟ್ಟುಹೋಗೋದು ಹೀಗೆ. ನಮ್ಮ ಕಡೆ ಇನ್ನೂ ಬೇರೆ ಬೇರೆ ಅಪಾಯ ಇವೆ: ಹಳಿ ಪಕ್ಕದ ತೆಂಗಿನಮರಕ್ಕೆ ಹಾಕುವ ಉದ್ದ ದೋಟಿ, ಅದರಲ್ಲೂ ಕಬ್ಬಿಣದ ಪೈಪಿಗೆ ಕುಡುಗೋಲು ಕಟ್ಟಿದ್ದು, ಸ್ಪ್ರಿಂಕ್ಲರ್ ಪೈಪನ್ನು ನೆಟ್ಟಗೆ ಹಿಡಿದುಕೊಂಡು ಗೇಟ್ ದಾಟೋದು, ಗಾಳಿಪಟದ ಒದ್ದೆ ದಾರ, ಫುಟ್‌ಓವರ್ ಬ್ರಿಜ್ ಮೇಲಿಂದ ನೀರು ಚೆಲ್ಲೋದು, ಎಲೆಅಡಿಕೆ ಉಗುಳೋದು. ಕೊನೆಯದಕ್ಕೆ ನಗಬೇಡಿ, ಬ್ರಿಜ್ಜಿಗೆ ಜಾಲರಿ ಹೊಡೆಯೋದು ಇಂಥದ್ದಕ್ಕೇ.

ಹಬ್ಬದ ದಿನ ಇನ್ನೂ ಎಚ್ಚರ. ನಂದಿಕಂಬ ಹೊತ್ತವರು ಗೇಟಿನ ಹತ್ತಿರ ಬಂದಾಗ ಕಂಬವನ್ನು ಅಡ್ಡ ಮಲಗಿಸಿಕೊಂಡೇ ದಾಟಬೇಕು. ಮೊದಲ ವರ್ಷ ನಮ್ಮ ಹಿರಿಯರು "ದೇವ್ರ ಕಂಬ ಮಲಗಿಸೋದು ಉಂಟಾ" ಅಂತ ಒಪ್ಪಲೇ ಇಲ್ಲ. ಕೊನೆಗೆ ಪೂಜಾರಪ್ಪನವರೇ ಹಳಿಯ ಈಚೆ ಒಂದು ಕಾಯಿ, ಆಚೆ ಒಂದು ಕಾಯಿ ಒಡೆದು, ನಡುವೆ ಮಲಗಿಸಿಕೊಂಡು ಹೋಗೋದು ಅಂತ ಮಾಡಿದರು. ಈಗ ಅದೇ ಸಂಪ್ರದಾಯ ಆಗಿಬಿಟ್ಟಿದೆ. ಗಣಪತಿ ಮೆರವಣಿಗೆಯವರೂ ಹಾಗೇ, ಸ್ಪೀಕರ್ ಗಾಡಿಯ ಮೇಲೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಿ.

ಕಬ್ಬಿನ ಲೋಡಿಗೆ ಹೊಸ ಅಳತೆ

ಗೇಟಿನ ಎರಡೂ ಕಡೆ ರಸ್ತೆಗೆ ಅಡ್ಡವಾಗಿ ಕಮಾನಿನ ಥರ ಒಂದು ಕಂಬಿ ಬರುತ್ತದೆ. ಹೈಟ್ ಗೇಜ್ ಅನ್ನುತ್ತಾರೆ. ಸಾಮಾನ್ಯವಾಗಿ ಅದರ ಎತ್ತರ 4.67 ಮೀಟರ್, ನಮ್ಮ ಲೆಕ್ಕದಲ್ಲಿ ಹದಿನೈದು ಅಡಿ ನಾಲ್ಕು ಇಂಚು. ನಿಮ್ಮ ಗೇಟಿನಲ್ಲಿ ಬರೆದಿರುವ ಅಂಕಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಕಬ್ಬಿನ ಲಾರಿ, ಹುಲ್ಲಿನ ಟ್ರಾಕ್ಟರ್ ಇದಕ್ಕಿಂತ ಎತ್ತರಕ್ಕೆ ಹೋಗೋದು ನಮಗೆ ಹೊಸದೇನಲ್ಲ. ಕಂಬಿಗೆ ತಾಗಿದರೆ ಕಬ್ಬು ಉದುರುತ್ತದೆ, ಅಷ್ಟೇ. ಅದೇ ಪುಣ್ಯ. ಕಂಬಿ ಇಲ್ಲದಿದ್ದರೆ ತಾಗುತ್ತಿದ್ದದ್ದು ತಂತಿಗೆ.

ಲೋಡ್ ಮಾಡುವ ಜಾಗದಲ್ಲೇ ಅಳೆಯಿರಿ. ಒಂದು ಬಿದಿರು ಗಳುವನ್ನು ಹದಿನೈದು ಅಡಿಗೆ ಕತ್ತರಿಸಿ ಗದ್ದೆಯಲ್ಲೇ ಇಟ್ಟುಕೊಳ್ಳಿ. ಸಮ ನೆಲದಲ್ಲಿ ಲಾರಿ ನಿಲ್ಲಿಸಿ ಪಕ್ಕಕ್ಕೆ ಗಳು ನಿಲ್ಲಿಸಿದರೆ ಗೊತ್ತಾಗುತ್ತದೆ. ಗೇಟಿನ ಹತ್ತಿರ ಹೋಗಿ ಲೋಡ್ ಮೇಲೆ ಹತ್ತಿ ಕಬ್ಬು ತಳ್ಳುವ ಕೆಲಸ ಯಾವತ್ತೂ ಬೇಡ. ಮೊದಲ ಸೀಸನ್ನಿನಲ್ಲಿ ನಮ್ಮ ಗೇಟಿನ ಮುಂದೆ ಸಾಲು ನಿಂತ ಗಾಡಿಗಳು, ಹಾರ್ನ್, ಬೈಗುಳ, ಗೇಟ್‌ಮ್ಯಾನ್ ಪಾಪ ಎಲ್ಲರ ಬಾಯಿಗೂ ಸಿಕ್ಕ. ಎರಡನೇ ವರ್ಷಕ್ಕೆ ಕಬ್ಬು ಕಡಿಯುವ ಗುಂಪಿನವರೇ ಅಳತೆ ಕಲಿತರು.

ಗೇಟ್ ಮುಚ್ಚಿ ಅಂಡರ್‌ಪಾಸ್ ಮಾಡುತ್ತೇವೆ ಅಂತ ಬಂದರೆ ಒಂದೇ ಪ್ರಶ್ನೆ ಕೇಳಿ: ಮಳೆನೀರು ಎಲ್ಲಿ ಹೋಗುತ್ತದೆ? ಉತ್ತರ ನಕ್ಷೆಯಲ್ಲಿ ತೋರಿಸದೆ ಬಿಡಬೇಡಿ.

ಬಂದ ಮೇಲೆ

ಅನುಕೂಲ ಆಗಿದೆ, ಸುಳ್ಳು ಹೇಳಬಾರದು. ಕರೆಂಟಿನಲ್ಲಿ ಓಡುವ ಮೆಮು ಲೋಕಲ್ ರೈಲು ನಿಂತ ಜಾಗದಿಂದ ಬೇಗ ವೇಗ ಹಿಡಿಯುತ್ತದೆ. ಸ್ಟೇಷನ್‌ನಲ್ಲಿ ಡೀಸೆಲ್ ಹೊಗೆ ಕುಡಿಯೋದು ತಪ್ಪಿತು. 2022ರ ನವೆಂಬರ್‌ನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಶುರುವಾಗಿದ್ದೂ ಈ ತಂತಿ ಇದ್ದದ್ದರಿಂದಲೇ. ಅದು ನಮ್ಮ ಸ್ಟೇಷನ್‌ನಲ್ಲಿ ನಿಲ್ಲೋದಿಲ್ಲ, ಆ ಮಾತು ಬೇರೆ.

ಆದರೆ ಸದ್ದು ಕಡಿಮೆಯಾಯಿತು. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಡೀಸೆಲ್ ಇಂಜಿನ್ ಬರೋದು ದೂರದಿಂದಲೇ ಎದೆಗೆ ಗೊತ್ತಾಗುತ್ತಿತ್ತು, ನಮ್ಮ ಅಪ್ಪ ಗದ್ದೆಯಲ್ಲಿ ಬಗ್ಗಿಕೊಂಡೇ "ಮೈಸೂರಿಂದು ಬಂತು" ಅನ್ನುತ್ತಿದ್ದರು. ಕರೆಂಟ್ ರೈಲು ಪಕ್ಕಕ್ಕೆ ಬರುವ ತನಕ ಕೇಳಿಸೋದಿಲ್ಲ, ಅದರಲ್ಲೂ ಗಾಳಿ ಆ ಕಡೆ ಬೀಸುತ್ತಿದ್ದರೆ. ಕಿವಿ ನಂಬಿಕೊಂಡು ಹಳಿ ದಾಟುವ ಅಭ್ಯಾಸ ಇರುವ ವಯಸ್ಸಾದವರಿಗೆ, ಕಿವಿಗೆ ವೈರ್ ಸಿಕ್ಕಿಸಿಕೊಂಡ ಹುಡುಗರಿಗೆ ಬಿಡಿಸಿ ಹೇಳಿ. ಕುರಿ ಮೇಯಿಸುವವರಿಗಂತೂ ಹೇಳಲೇಬೇಕು.

ಕಡೆಗೆ, ಕಂಬದ ನಂಬರ್. ಪ್ರತಿ ಕಂಬದ ಮೇಲೂ ಒಂದರ ಕೆಳಗೆ ಒಂದು ಅಂಕಿ ಬರೆದಿರುತ್ತದೆ. ಒಂದು ಕಿಲೋಮೀಟರಿನದು, ಇನ್ನೊಂದು ಆ ಕಿಲೋಮೀಟರಿನಲ್ಲಿ ಎಷ್ಟನೇ ಕಂಬ ಅನ್ನೋದು. ತಂತಿ ತುಂಡಾಗಿ ಜೋತು ಬಿದ್ದರೆ, ಮರ ಒರಗಿದರೆ, ಯಾರಿಗಾದರೂ ಕರೆಂಟ್ ಹೊಡೆದರೆ ಹತ್ತಿರ ಹೋಗಬೇಡಿ, ಹತ್ತು ಮಾರು ದೂರದಲ್ಲೇ ನಿಂತು ಬೇರೆಯವರನ್ನೂ ತಡೆಯಿರಿ. ಬಿದ್ದವರನ್ನು ಕೋಲಿನಿಂದ ಎಳೆಯುವ ಹುಂಬತನ ಬೇಡ, ಮನೆಯ ಕರೆಂಟಿನ ಉಪಾಯ ಇಲ್ಲಿ ನಡೆಯೋದಿಲ್ಲ. ಕರೆಂಟ್ ತೆಗೆದಿದ್ದೇವೆ ಅಂತ ರೈಲ್ವೆಯವರು ಹೇಳಿದ ಮೇಲೆಯೇ ಮುಟ್ಟೋದು. ಗೇಟ್‌ಮ್ಯಾನ್, ಸ್ಟೇಷನ್ ಮಾಸ್ಟರ್ ಇಲ್ಲವೇ 139, ಯಾರು ಬೇಗ ಸಿಗುತ್ತಾರೋ ಅವರಿಗೆ ಹೇಳಿ. "ರಾಮಣ್ಣನ ತೋಟದ ಹತ್ರ" ಅಂದರೆ ಅವರಿಗೆ ಏನು ತಿಳಿಯುತ್ತದೆ? ಕಂಬದ ನಂಬರ್ ಹೇಳಿದರೆ ಸೀದಾ ಅಲ್ಲಿಗೇ ಬರುತ್ತಾರೆ. ನಮ್ಮ ಪಂಪ್‌ಸೆಟ್ ಮನೆಯ ಗೋಡೆ ಮೇಲೆ ಎದುರಿನ ಕಂಬದ ನಂಬರನ್ನು ದೊಡ್ಡದಾಗಿ ಬರೆದಿದ್ದೇನೆ.

ಭಾವನಿಗೂ ಅದನ್ನೇ ಹೇಳಿದ್ದೆ, ನಿಮ್ಮ ಗದ್ದೆ ಎದುರಿನ ಕಂಬಕ್ಕೆ ನಂಬರ್ ಬಂದ ದಿನ ಬರೆದಿಟ್ಟುಕೊಂಡು ನನಗೂ ಒಂದು ಕಳಿಸಿ ಅಂತ. ನಿನ್ನೆ ಫೋನ್ ಮಾಡಿ ಕೇಳಿದೆ. ಗುಂಡಿ ತೋಡಿ ಹೋದವರು ತಿರುಗಿ ಬಂದೇ ಇಲ್ಲವಂತೆ. ಮಳೆನೀರು ತುಂಬಿ ರಾತ್ರಿಯೆಲ್ಲ ಕಪ್ಪೆ ವಟಗುಟ್ಟುತ್ತಿವೆಯಂತೆ.